ಪರ್ಸನ್ ರೆಸ್ಪಾನ್ಸಿಬಲ್ ಮುನಿಶಾಮಿ

ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮೊಹ್ಸಿನ್‌ನ ಜೆರಾಕ್ಸ್ ಅಂಗಡಿ. ಅದರ ಬಾಗಿಲಿಗೆ ಅಡ್ಡವಾಗಿ ಒಂದು ಮೇಜು, ಮೇಜಿನ ಹಿಂದೆ ಮುನಿಶಾಮಿ. ಮೂವತ್ತೆಂಟು ವರ್ಷದಿಂದ ಅವನು ಊರವರ ಗೋಳನ್ನು ಇಂಗ್ಲಿಷಿಗೆ ಹಾಕುತ್ತ ಬಂದವನು. ಮೊದಲು ಟೈಪ್‌ರೈಟರ್, ಈಗ ಮೊಹ್ಸಿನ್‌ನ ಹಳೇ ಕಂಪ್ಯೂಟರ್. ನಲ್ಲಿಯಲ್ಲಿ ನೀರಿಲ್ಲ, ಪಿಂಚಣಿ ನಿಂತಿದೆ, ಗಂಡ ಹೊಡೆಯುತ್ತಾನೆ, ಕೆಲಸದಿಂದ ತೆಗೆಯಬೇಡಿ. ಜನ ಕನ್ನಡದಲ್ಲೋ ತಮಿಳಿನಲ್ಲೋ ದಖನಿ ಉರ್ದುವಿನಲ್ಲೋ ಹೇಳಿಕೊಂಡು ಅಳುತ್ತಾರೆ; ಮುನಿಶಾಮಿ ಅದನ್ನು ‘ರೆಸ್ಪೆಕ್ಟೆಡ್ ಸರ್’ ಎಂದು ಶುರುಮಾಡಿ ‘ಯುವರ್ಸ್ ಫೇತ್‌ಫುಲಿ’ ಎಂದು ಮುಗಿಸುತ್ತಾನೆ. ತಪ್ಪು ಮಾಡದವನು ತಾನು ತಪ್ಪು ಮಾಡಿಲ್ಲವೆಂದು ಹೇಳುವುದಕ್ಕೂ ಬೇರೆಯವರ ಭಾಷೆಯನ್ನು ಬಾಡಿಗೆಗೆ ತರಬೇಕಾದ ಊರು ಇದು. ಆ ಬಾಡಿಗೆ ಅಂಗಡಿ ಇಟ್ಟವನು ಮುನಿಶಾಮಿ ಎಂದರೂ ಸರಿಯೇ.

ಆ ಶುಕ್ರವಾರ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಆಟೋ ಓಡಿಸುವ ಆದಿಲ್ ಬಂದು ಒಂದು ಕಾಗದವನ್ನು ಮೇಜಿನ ಮೇಲೆ ಬಡಿದ.

“ಚಾಚಾ, ಇದಕ್ಕೊಂದು ಜವಾಬು ಹಾಕ್ಕೊಡಿ. ಕಾರ್‌ನೋನು ನೋಟಿಸ್ ಕಳ್ಸವ್ನೆ. ಅವ್ನೇ ರಿವರ್ಸ್ ಬಂದು ನನ್ ಗಾಡಿಗೆ ಗುದ್ದಿದ್ದು, ಈಗ ನೋಡಿದ್ರೆ ತಪ್ಪು ನಂದಂತೆ!”

ಮುನಿಶಾಮಿ ಕನ್ನಡಕ ಏರಿಸಿಕೊಂಡು ಓದಿದ. ಮೂರನೇ ಸಾಲಿನಲ್ಲಿ ಬೆರಳು ನಿಲ್ಲಿಸಿದ. ‘ಯು ಆರ್ ದ ಪರ್ಸನ್ ರೆಸ್ಪಾನ್ಸಿಬಲ್’ ಎಂದಿತ್ತು.

“ನೋಟಿಸ್ ಆದ್ರೂ ಮರ್ಯಾದೆ ಬಿಟ್ಟಿಲ್ಲ ನೋಡು,” ಎಂದ. “ಪರ್ಸನ್ ರೆಸ್ಪಾನ್ಸಿಬಲ್ ಅಂತ ಕರ್ದವ್ನೆ ನಿನ್ನ. ಜವಾಬ್ದಾರಿ ಇರೋ ಮನುಷ್ಯ, ಗೌರವಸ್ಥ ಅಂತ.”

ಆದಿಲ್ ಹೊಟ್ಟೆ ಹಿಡಿದುಕೊಂಡು ನಕ್ಕ. “ಅರೆ ಚಾಚಾ, ಯಾವ ಗೌರವಸ್ಥ! ವಕೀಲ್ರತ್ರ ತೋರಿಸ್ಕೊಂಡೇ ಬಂದಿದೀನಿ. ‘ಇದಕ್ಕೆಲ್ಲ ಕಾರಣ ನೀನೇ, ತಪ್ಪು ನಿಂದೇ’ ಅಂತ ಅದರ ಅರ್ಥ. ಒಳ್ಳೇ ಜವಾಬ್ದಾರಿ ಮನುಷ್ಯ ಅನ್ನೋಕೆ ರೆಸ್ಪಾನ್ಸಿಬಲ್ ಪರ್ಸನ್ ಅನ್ಬೇಕಂತೆ. ಆಚೆದು ಈಚೆ ಮಾಡಿದ್ರೆ ಸಾವ್ಕಾರ ಕಳ್ಳ ಆಗೋಗ್ತಾನೆ ಅಂದ್ರು.”

ಮುನಿಶಾಮಿ ನಗಲಿಲ್ಲ. ಇಲಿಯನ್ನು ಹಿಡಿದಂತೆ ಮೌಸ್ ಹಿಡಿದು, ನಿನ್ನೆ ಸಂಜೆ ಟೈಪು ಮಾಡಿದ ಕಾಗದವನ್ನು ಪರದೆಯ ಮೇಲೆ ತೆರೆದ. ಎರಡನೇ ಪ್ಯಾರಾ. ‘ಮೇಡಂ ಒದ್ದೆ ನೆಲದ ಮೇಲೆ ಬಿದ್ದ ವಿಷಯದಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡುವುದೇನೆಂದರೆ’ ಎಂಬುದನ್ನು ಇಂಗ್ಲಿಷಿನಲ್ಲಿ ಚೆಂದಾಗಿ ಹೇಳಿ, ಕೊನೆಗೆ ಹೀಗೆ ಮುಗಿಸಿದ್ದ: ಐ ಆಮ್ ದ ಪರ್ಸನ್ ರೆಸ್ಪಾನ್ಸಿಬಲ್.

ಕೆಳಗೆ ಸಹಿ ಹಾಕಬೇಕಾದವರ ಹೆಸರು: ಯಶೋದಮ್ಮ.

ಯಶೋದಮ್ಮ ಹಲಸೂರಿನಲ್ಲಿ ಮುನಿಶಾಮಿಯ ವಠಾರದವಳೇ, ಗೋಡೆಯಾಚೆಯ ಮನೆ. ಬೈಯಪ್ಪನಹಳ್ಳಿಯಾಚೆ ಗಾಜು ಹೊದ್ದುಕೊಂಡು ನಿಂತ ಒಂದು ಆಫೀಸು ಕಟ್ಟಡದಲ್ಲಿ ಹನ್ನೊಂದು ವರ್ಷದಿಂದ ನೆಲ ಒರೆಸುತ್ತಾಳೆ. ಗಂಡ ಸತ್ತ ಮೇಲೆ ಮನೆ ನಿಂತಿರುವುದು, ಮಗಳು ಬೃಂದಾ ನರ್ಸಿಂಗ್ ಓದುತ್ತಿರುವುದು ಆ ನೆಲದ ಮೇಲೆಯೇ. ಹದಿನೈದು ದಿನದ ಹಿಂದೆ ಅಲ್ಲಿ ಒಬ್ಬ ಮೇಡಂ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ನೆಲ ಒದ್ದೆಯಿದೆ ಎಂದು ಎಚ್ಚರಿಸುವ ಹಳದಿ ಬೋರ್ಡು ಅಲ್ಲಿರಲಿಲ್ಲ. ಯಾಕಿರಲಿಲ್ಲವೆಂದರೆ, ಇದ್ದ ಒಂದೇ ಬೋರ್ಡನ್ನು ಸೂಪರ್‌ವೈಸರ್ ತನ್ನ ಗಾಡಿ ನಿಲ್ಲಿಸುವ ಜಾಗ ಕಾಯಲು ಪಾರ್ಕಿಂಗಿಗೆ ಒಯ್ದಿದ್ದ. ಯಶೋದಮ್ಮ ಮೂರು ಸಲ ಕೇಳಿದ್ದಳು. ಆದರೆ ನೋಟಿಸು ಬಂದದ್ದು ಅವಳಿಗೆ. ಲಿಖಿತ ಉತ್ತರ ಕೊಡಬೇಕು, ಶುಕ್ರವಾರ ಹನ್ನೆರಡಕ್ಕೆ ವಿಚಾರಣೆ, ತಪ್ಪು ಕಂಡರೆ ಕೆಲಸದಿಂದ ವಜಾ.

ನಿನ್ನೆ ಅವಳು ಮೇಜಿಗೆ ಮೊಣಕೈ ಊರಿ ಹೇಳಿದ್ದಳು: “ಹನ್ನೊಂದು ವರ್ಷದಲ್ಲಿ ಒಂದು ಸೂಜಿ ಕಳ್ದಿಲ್ಲ ಶಾಮಣ್ಣ. ನಾನು ಜವಾಬ್ದಾರಿ ಇರೋ ಹೆಂಗ್ಸು ಅಂತ ಬರಿ. ಸಣ್ ಇಂಗ್ಲಿಷ್ ಬೇಡ, ದೊಡ್ ಇಂಗ್ಲಿಷಲ್ಲಿ ಬರಿ.”

ದೊಡ್ಡ ಇಂಗ್ಲಿಷಲ್ಲೇ ಬರೆದಿದ್ದ. ಅವಳ ಕೊರಳಿಗೆ ತನ್ನ ಕೈಯಾರೆ ಹಗ್ಗ ಹೊಸೆದು, ಗಂಟು ಹಾಕಿ, ಕವರಿನಲ್ಲಿಟ್ಟು ಕೊಟ್ಟಿದ್ದ.

ಫೋನು ಮಾಡಿದ. ಸ್ವಿಚ್ ಆಫ್. ಅವಳ ಆಫೀಸಿನಲ್ಲಿ ಕೆಲಸದವರ ಫೋನನ್ನು ಗೇಟಿನಲ್ಲೇ ಡಬ್ಬಿಗೆ ಹಾಕಿ ಬೀಗ ಜಡಿಯುತ್ತಾರೆಂದು ಅವಳೇ ಎಷ್ಟೋ ಸಲ ಬೈದುಕೊಂಡಿದ್ದು ನೆನಪಾಯಿತು. ಗೋಡೆ ಗಡಿಯಾರ ಹತ್ತು ಐವತ್ತೆರಡು.

“ಮೊಹ್ಸಿನ್, ಪ್ರಿಂಟರ್ ಆನ್ ಮಾಡು. ಜಲ್ದಿ.”

“ಏನಾಯ್ತು ಶಾಮಿ ಭಾಯ್, ಮುಖ ಹಿಂಗಾಗೈತೆ?”

ಮುನಿಶಾಮಿ ಆಗಲೇ ಕೀಲಿಮಣೆಗೆ ಬಗ್ಗಿದ್ದ. ‘ಪರ್ಸನ್ ರೆಸ್ಪಾನ್ಸಿಬಲ್’ ಅಳಿಸಿ ‘ಎ ರೆಸ್ಪಾನ್ಸಿಬಲ್ ಪರ್ಸನ್’ ಮಾಡಿದ. ಕಣ್ಣು ಕೆಳಗಿನ ಸಾಲಿಗೆ ಜಾರಿತು. ‘ವರ್ಕರ್ಸ್ ಪ್ರೆಸೆಂಟ್’ ಎಂದಿದೆ, ಅವತ್ತು ಅಲ್ಲಿದ್ದ ಕೆಲಸದವರನ್ನು ಕೇಳಿ ನೋಡಿ ಎಂಬ ಸಾಲು. ಇದೂ ಉಲ್ಟಾನೋ? ‘ಪ್ರೆಸೆಂಟ್ ವರ್ಕರ್ಸ್’ ಮಾಡಬೇಕೋ? ಒಂದು ಕಂಬ ಅಲ್ಲಾಡಿದರೆ ಮನೆಯ ಎಲ್ಲ ಕಂಬದ ಮೇಲೂ ಅನುಮಾನ. ಮೂವತ್ತೆಂಟು ವರ್ಷ ಈ ಭಾಷೆಯನ್ನು ಮಾರಿದವನಿಗೆ ಆ ಎರಡು ಪದದಲ್ಲಿ ಯಾವುದು ಮೊದಲು ಎಂದು ಹೇಳಲು ಬಾಯಿ ಬರಲಿಲ್ಲ.

“ಮೊಹ್ಸಿನ್, ವರ್ಕರ್ಸ್ ಪ್ರೆಸೆಂಟೋ, ಪ್ರೆಸೆಂಟ್ ವರ್ಕರ್ಸೋ?”

“ನಂಗೇನ್ ಗೊತ್ತು ಭಾಯ್? ನಾನು ಜೆರಾಕ್ಸ್‌ನೋನು. ಹಾಕಿದ್ದು ಹಾಕ್ದಂಗೆ ಬರುತ್ತೆ.”

ಮುಟ್ಟಲಿಲ್ಲ. ಆ ಸಾಲನ್ನು ಹಾಗೇ ಬಿಟ್ಟು ಪ್ರಿಂಟು ತೆಗೆದ. ಆದಿಲ್‌ನ ನೋಟಿಸನ್ನು ಡ್ರಾಯರಿಗೆ ತುರುಕಿ, “ಗಾಡಿ ತೆಗಿ. ಬೈಯಪ್ಪನಹಳ್ಳಿ,” ಎಂದ.

“ನನ್ ಜವಾಬು?”

“ಒಂದು ಹೆಂಗಸಿನ ಅನ್ನಕ್ಕೆ ಮಣ್ಣು ಹಾಕಿ ಕೂತಿದೀನಿ ಕಣೋ. ಮೊದ್ಲು ಅದು.”

ಆಟೋ ಹಲಸೂರು ಕೆರೆಯ ದಂಡೆ ದಾಟಿ ಹಳೇ ಮದ್ರಾಸ್ ರಸ್ತೆಗೆ ಬಿದ್ದು, ಅಲ್ಲೇ ಸಿಕ್ಕಿಕೊಂಡಿತು. ಮುಂದೆ ಕಾಂಕ್ರೀಟು ಲಾರಿ, ಹಿಂದೆ ಬಸ್ಸು, ತಲೆಯ ಮೇಲೆ ಮೆಟ್ರೊ ಸುಯ್ಯನೆ ಹೋಯಿತು. ಮುನಿಶಾಮಿ ಕಾಗದವನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದ. ಬೆವರಿಗೆ ಅಂಚು ಮೆತ್ತಗಾಗುತ್ತಿತ್ತು. ಇವತ್ತು ಅವನಿಗೆ ರಸ್ತೆಯ ಹೆಸರೂ ಕಾಟ ಕೊಟ್ಟಿತು. ಹಳೇ ಮದ್ರಾಸ್ ರಸ್ತೆ. ಹಳೆಯದು ಮದ್ರಾಸೋ, ರಸ್ತೆಯೋ? ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಈಗ ಕೇಳದೆ ಇರಲಾಗಲಿಲ್ಲ.

ಪದ ಹಿಂದುಮುಂದು ಮಾಡುವ ಈ ರೋಗ ಹತ್ತಿಸಿದವರು ಮಿಸೆಸ್ ಲಾಜರಸ್. ಮುನಿಶಾಮಿ ಇಪ್ಪತ್ತರ ಹುಡುಗನಾಗಿದ್ದಾಗ ಶಿವಾಜಿನಗರದ ಚರ್ಚಿನ ಪಕ್ಕ ಆಕೆಯ ಟೈಪಿಂಗ್ ಸ್ಕೂಲಿತ್ತು. ಪೋಲಿಯೊದಿಂದ ಎಡಗಾಲು ಸೊರಗಿದವನಿಗೆ ಕೂತು ಮಾಡುವ ಕೆಲಸ ಬೇಕಿತ್ತು. ಫೀಸು ಬೇಡ, ಬೆಂಚು ಒರೆಸು ಎಂದು ಸೇರಿಸಿಕೊಂಡರು. ಕೈಯಲ್ಲಿ ಸದಾ ಕೆಂಪು ಪೆನ್ಸಿಲು. ಒಂದು ದಿನ ಅವನು ಅರ್ಜಿಯಲ್ಲಿ ‘ಕನ್‌ಸರ್ನ್ಡ್ ಆಫೀಸರ್’ ಎಂದು ಹೊಡೆದದ್ದು ಕಂಡು ಕಾಗದಕ್ಕೆ ತೂತು ಬೀಳುವಂತೆ ಗೀಚಿದರು.

“ವಾಟ್ ಮ್ಯಾನ್! ಕನ್‌ಸರ್ನ್ಡ್ ಆಫೀಸರ್ ಅಂದ್ರೆ ನಿನ್ ಚಿಂತೇಲಿ ಊಟ ಬಿಟ್ಟು ಕೂತಿರೋ ಆಫೀಸರ್. ಅಂಥೋನು ಬ್ಯಾಂಗ್ಳೂರಲ್ಲಿ ಎಲ್ಲಿದಾನೆ, ನಂಗೂ ತೋರ್ಸು! ಆಫೀಸರ್ ಕನ್‌ಸರ್ನ್ಡ್ ಅನ್ನು. ಆ ಕೆಲಸಕ್ಕೆ ಸೇರಿದ ಆಫೀಸರ್. ಮೊದ್ಲು ಆಫೀಸರ್, ಆಮೇಲೆ ಕನ್‌ಸರ್ನ್ಡ್.”

ಆಕೆ ಹೇಳಿದ್ದು ಒಂದು ಮಾತಿಗೆ. ಹುಡುಗ ಅದನ್ನು ಇಡೀ ಇಂಗ್ಲಿಷಿಗೆ ಹಚ್ಚಿಕೊಂಡ. ಬೀದಿಯ ಬೋರ್ಡುಗಳೂ ಸಾಕ್ಷಿ ಹೇಳಿದವು: ನೋಟರಿ ಪಬ್ಲಿಕ್, ಸೆಕ್ರೆಟರಿ ಜನರಲ್. ದೊಡ್ಡವರಿಗೆಲ್ಲ ಗುಣ ಹೇಳುವ ಪದ ಆಮೇಲೆ ಬರುತ್ತದೆ, ಬಡವರಿಗೆ ಮಾತ್ರ ಮೊದಲೇ ಬಂದು ಕೂತಿರುತ್ತದೆ ಎಂದು ತೀರ್ಮಾನಿಸಿದ.

ಅವನು ಹಾಗೆ ತೀರ್ಮಾನಿಸಿದ್ದಕ್ಕೆ ಕಾರಣ ಇಂಗ್ಲಿಷಿನಲ್ಲಿ ಇರಲಿಲ್ಲ, ಅವನನ್ನು ಕರೆದ ಬಾಯಿಗಳಲ್ಲಿತ್ತು. ಹೆಸರಿಗಿಂತ ಮೊದಲು ಬಂದದ್ದೆಲ್ಲ ಅವನ ಪಾಲಿಗೆ ಬೈಗುಳವೇ. ಕುಂಟ ಮುನಿ. ಕರಿ ಮುನಿ. ಕೇರಿಯನ್ನು ಮೊದಲು ಹಚ್ಚಿ ಕರೆದದ್ದು ಇನ್ನೊಂದು; ಅದನ್ನು ಬರೆದು ಕಾಗದ ಹೊಲಸು ಮಾಡಬೇಕಿಲ್ಲ. ಮರ್ಯಾದೆ ಸಿಕ್ಕಾಗೆಲ್ಲ ಹೆಸರು ಮುಗಿದ ಮೇಲೆಯೇ ಸಿಕ್ಕಿತು. ಶಾಮಣ್ಣ. ಮುನಿಶಾಮಪ್ಪ. ಮುನಿಶಾಮಿಯವರೇ. ಹಾಗಾಗಿ ತನ್ನ ಮೇಜಿಗೆ ಬಂದ ಬಡವರಿಗೆಲ್ಲ ಅವನು ಇಂಗ್ಲಿಷಿನಲ್ಲೂ ಗುಣವನ್ನು ಆಮೇಲೆ ಇಟ್ಟ. ಅದು ಅವನು ಕೊಟ್ಟ ಮರ್ಯಾದೆ. ಯಾರೂ ಕೇಳದೆಯೇ ಕೊಟ್ಟದ್ದು.

ಇಂದಿರಾನಗರದ ಸಿಗ್ನಲ್ಲಿನಲ್ಲಿ ನಿಂತಾಗ ಇನ್ನೊಂದು ನೆನಪು ಬಂತು. ಮುನಿರಾಜಪ್ಪ. ಒಂಬತ್ತು ವರ್ಷದ ಹಿಂದೆ ಕೆ.ಆರ್. ಪುರದ ಒಂದು ಗೋಡೌನಿನಲ್ಲಿ ವಾಚ್‌ಮನ್ ಆಗಿದ್ದ. ಮಾಲು ಕಳುವಾಯಿತು, ನೋಟಿಸು ಬಂತು, ಉತ್ತರ ಟೈಪು ಮಾಡಿದ್ದು ಮುನಿಶಾಮಿ. ಮೂರೇ ದಿನದಲ್ಲಿ ಕೆಲಸ ಹೋಯಿತು. “ಕಾಗದ ಓದಿ ನಕ್ರು ಕಣಣ್ಣ. ‘ನೀನೇ ಬರ್ಕೊಟ್ಟಿದೀಯಲ್ಲಪ್ಪ’ ಅಂದ್ರು,” ಎಂದು ಮುನಿರಾಜಪ್ಪ ಬಂದು ಹೇಳಿದಾಗ, ಸಾಹುಕಾರರ ಕೊಬ್ಬು ಎಂದು ಮುನಿಶಾಮಿ ಉಗಿದಿದ್ದ. ಅವರು ಯಾಕೆ ನಕ್ಕರು ಎಂಬುದು ಒಂಬತ್ತು ವರ್ಷ ತಡವಾಗಿ ಈ ಸಿಗ್ನಲ್ಲಿನಲ್ಲಿ ತಿಳಿಯಿತು.

“ಆದಿಲ್, ಫುಟ್‌ಪಾತ್ ಮೇಲಾದ್ರೂ ಹತ್ಸಪ್ಪ.”

“ಹತ್ಸಿದ್ರೆ ಪೊಲೀಸ್ ಹಿಡಿದು ನನ್ನೇ ಪರ್ಸನ್ ರೆಸ್ಪಾನ್ಸಿಬಲ್ ಮಾಡ್ತಾನೆ ಚಾಚಾ.”

ಗೇಟು ಮುಟ್ಟಿದಾಗ ಹನ್ನೊಂದು ನಲವತ್ತು. ಮುನಿಶಾಮಿ ಕಾಲೆಳೆದುಕೊಂಡು ಓಡಿದ. ಓಟ ಎನ್ನಲಾಗದು, ನೋಡಿದವರಿಗೆ ಬೀಳುತ್ತ ಬರುತ್ತಿದ್ದಾನೆ ಅನ್ನಿಸಬೇಕು. ಕಾವಲಿನ ಕೋಣೆಯಿಂದ ನೀಲಿ ಬಟ್ಟೆಯ ಹುರಿಮೀಸೆಯವನು ಕೈ ಅಡ್ಡ ಹಾಕಿದ. ಎದೆಯ ಮೇಲೆ ‘ಈರೇಶ’ ಎಂದಿತ್ತು.

“ಯಜಮಾನ್ರ, ಎಲ್ಲಿಗ್ ಹೊಂಟೀರಿ? ಪಾಸ್ ಇಲ್ದ ಒಳಗ ಬಿಡಾಂಗಿಲ್ರಿ.”

“ಹೌಸ್‌ಕೀಪಿಂಗ್ ಯಶೋದಮ್ಮನ್ನ ಕರೀರಿ ಸ್ವಾಮಿ. ಹನ್ನೆರಡಕ್ಕೆ ಅವಳ ವಿಚಾರಣೆ. ಅವಳ ಕಾಗದದಲ್ಲಿ ತಪ್ಪಾಗಿದೆ.”

“ಏನ್ ತಪ್ಪು?”

“ಎರಡು ಪದ ಅದಲುಬದಲಾಗಿದೆ.”

ಈರೇಶ ಅವನನ್ನು ಮೇಲಿಂದ ಕೆಳಗೆ ನೋಡಿದ. “ಎರಡ್ ಪದಕ್ಕ ಇಷ್ಟ್ ಬೆವರೇನ್ರಿ? ನಮ್ ಕಡೆ ಹೊಲದ ಬದು ಅದಲುಬದಲಾದ್ರೂ ಇಷ್ಟ್ ಯಾರೂ ಬೆವರಂಗಿಲ್ಲ.”

“ಅದರಲ್ಲಿ ಅವಳು ತಪ್ಪು ಒಪ್ಕೊಂಡಂಗಿದೆ ಸ್ವಾಮಿ. ಅವಳು ಹೇಳಿದ್ದಲ್ಲ, ನಾನ್ ಬರ್ದಿದ್ದು.”

ಈರೇಶನ ಮುಖದ ತಮಾಷೆ ಇಳಿಯಿತು. ವಾಕಿಟಾಕಿ ಎತ್ತಿ ಒಳಗೆ ಹೇಳಿದ. ಮುನಿಶಾಮಿ ಕಂಬಕ್ಕೆ ಒರಗಿ ಕಾದ. ಗಾಜಿನ ಬಾಗಿಲಿನಿಂದ ಕೊರಳಿಗೆ ಪಟ್ಟಿ ತೂಗುಹಾಕಿಕೊಂಡ ಹುಡುಗರು ಬಂದರು, ಹೋದರು. ಏಳು ನಿಮಿಷ. ಪಕ್ಕದ ಸಣ್ಣ ಬಾಗಿಲಿನಿಂದ ಯಶೋದಮ್ಮ ಬಂದಳು. ಅವನ ಮುಖ ಕಂಡವಳೇ ನಿಂತಲ್ಲೇ ನಿಂತಳು.

“ಬೃಂದಂಗೇನಾಯ್ತು?”

“ಅವಳಿಗೇನೂ ಇಲ್ಲ. ಕವರ್ ಕೊಟ್ಬಿಟ್ಯಾ?”

“ಒಂಬತ್ತಕ್ಕೇ ಕೊಟ್ಟೆ, ನಿಖಿತಾ ಮೇಡಂ ಕೈಗೆ. ಅವರೇ ವಿಚಾರಣೆ ಮಾಡೋರು. ಯಾಕಣ್ಣ?”

ಹೇಳಿದ. ಸುತ್ತಿ ಬಳಸಲು ಹೋದ, ಆಗಲಿಲ್ಲ. ನೀನು ಜವಾಬ್ದಾರಿ ಇರೋ ಹೆಂಗಸು ಅಂತ ಬರೆಯಲು ಹೋಗಿ, ತಪ್ಪು ನಂದೇ ಅಂತ ಬರೆದಿದ್ದೀನಿ ಎಂದ.

ಅವಳು ಸೆರಗನ್ನು ಸೊಂಟಕ್ಕೆ ಬಿಗಿದಳು. ಆಮೇಲೆ ಬಾಯಿ ತೆರೆದಳು. “ಓದ್ದೋನು ಅಂತ ನಿನ್ ಹತ್ರ ಬಂದೆ. ಇದಕ್ಕಿಂತ ಹೆಬ್ಬೆಟ್ಟು ಒತ್ತಿ ಕಳ್ಸಿದ್ರೆ ಬಚಾವಾಗ್ತಿದ್ದೆ! ಹೆಬ್ಬೆಟ್ಟು ಆದ್ರೂ ಸುಳ್ಳು ಹೇಳಲ್ಲ. ಬೆಳಿಗ್ಗೆಯಿಂದ ಆ ಮೇಡಂ ನನ್ನ ಒಂಥರಾ ನೋಡ್ತಾವ್ರೆ, ಏನೋ ಕನಿಕರ ಅಂದ್ಕೊಂಡೆ. ಥೂ ನಿನ್ ದೊಡ್ ಇಂಗ್ಲಿಷಿಗೆ!”

“ಬೈಯಿ. ಮೊದ್ಲು ಇದಕ್ಕೆ ಸಹಿ ಹಾಕು. ನಾನ್ ಒಳಗ್ ಬಂದು ಹೇಳ್ತೀನಿ.”

ಅವಳು ಕಂಬಕ್ಕೆ ಕಾಗದ ಒತ್ತಿ ಸಹಿ ಹಾಕಿದಳು. ಈರೇಶ ಇಂಟರ್‌ಕಾಮ್‌ನಲ್ಲಿ ಮಾತಾಡಿ ಇಬ್ಬರನ್ನೂ ರಿಸೆಪ್ಷನ್ ಸೋಫಾದವರೆಗೆ ಬಿಟ್ಟ. ನಿಖಿತಾ ಕೈಯಲ್ಲಿ ಫೈಲು ಹಿಡಿದು ಇಳಿದು ಬಂದಳು, ಮೂವತ್ತರ ಒಳಗಿನ ಹುಡುಗಿ. ಕೆಟ್ಟವಳಲ್ಲ. ಅವಸರದವಳು.

“ಅಂಕಲ್, ಲೆಟರ್ ಸಬ್ಮಿಟ್ ಆಗೋಗಿದೆ. ಅವರ ಸೈನ್ ಇದೆ, ಕ್ಲಿಯರ್ ಆಗಿ ಒಪ್ಕೊಂಡಿದಾರೆ. ಈಗ ಬೇರೆ ಲೆಟರ್ ತಂದ್ರೆ ನಾನ್ ಏನ್ ಅಂದ್ಕೋಬೇಕು? ಹೆದರ್ಕೊಂಡು ಚೇಂಜ್ ಮಾಡಿದಾರೆ ಅಂತಾನೇ ಅನ್ಸುತ್ತೆ.”

“ಮೇಡಂ, ಈಯಮ್ಮಂಗೆ ಇಂಗ್ಲಿಷ್ ಓದೋಕೆ ಬರಲ್ಲ. ಓದೋಕೆ ಬರದಿರೋ ಭಾಷೇಲಿ ತಪ್ಪು ಒಪ್ಕೊಂಡ್ರು ಅಂದ್ರೆ ಹೆಂಗೆ? ನೋಟಿಸ್ ಕನ್ನಡದಲ್ಲಿ ಕೊಟ್ಟಿದ್ರೆ ನನ್ ಮೇಜಿಗೆ ಬರೋ ದರ್ದೇ ಇರ್ಲಿಲ್ಲ ಇವಳಿಗೆ.”

ನಿಖಿತಾಳ ಕಿವಿ ಕೆಂಪಾಯಿತು. ಗಡಿಯಾರ ನೋಡಿದಳು. “ತಪ್ಪು ನಿಮ್ದು ಅಂತೀರಲ್ಲ, ರೈಟಿಂಗಲ್ಲಿ ಕೊಡಿ. ಇಂಗ್ಲಿಷಲ್ಲೇ ಕೊಡಿ, ಫೈಲಿಗೆ ಹಾಕ್ಬೇಕು. ಹತ್ತು ನಿಮಿಷ ಇದೆ.”

ಈರೇಶನ ಕೋಣೆಯಲ್ಲಿ, ಸಂದರ್ಶಕರ ರಿಜಿಸ್ಟರನ್ನು ಹಲಗೆ ಮಾಡಿಕೊಂಡು, ದಾರದಲ್ಲಿ ಕಟ್ಟಿದ ಪೆನ್ನಿನಿಂದ ಮುನಿಶಾಮಿ ಬರೆಯಲು ಕೂತ. ಹೆಸರು, ವಿಳಾಸ, ಕಸುಬು ಬರೆದ. ಆಕೆ ಹೇಳಿದ್ದು ಇದು, ನಾನು ಹೊಡೆದದ್ದು ಇದು ಎಂದು ಬರೆದ. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಈ ತಪ್ಪಿಗೆ ಕಾರಣ ನಾನು ಎನ್ನಬೇಕು. ಯಾವ ಪದ ಮೊದಲು, ಯಾವುದು ಆಮೇಲೆ? ಯಶೋದಮ್ಮ ತಲೆಯ ಮೇಲೆ ನಿಂತಿದ್ದಾಳೆ, ಗಡಿಯಾರ ಹನ್ನೊಂದು ಐವತ್ತಾರು. ಬೆಳಿಗ್ಗೆ ಆದಿಲ್ ನಕ್ಕ ನಗೆ ಕಿವಿಗೆ ಬಂತು. ಬರೆದ: ಐ, ಮುನಿಶಾಮಿ, ಆಮ್ ದ ಪರ್ಸನ್ ರೆಸ್ಪಾನ್ಸಿಬಲ್.

ನಿಖಿತಾ ಓದಿದಳು. ತುಟಿಯಂಚಿನಲ್ಲಿ ಒಂದು ನಗೆ ಬಂದು ಹೋಯಿತು. “ಈ ಸಲ ಕರೆಕ್ಟಾಗಿದೆ ಅಂಕಲ್,” ಎಂದು ಅದನ್ನೂ ಹೊಸ ಉತ್ತರವನ್ನೂ ಫೈಲಿಗೆ ಸೇರಿಸಿ, ಯಶೋದಮ್ಮನನ್ನು ಒಳಗೆ ಕರೆದುಕೊಂಡು ಹೋದಳು.

ಮುನಿಶಾಮಿ ಗೇಟಿನಾಚೆ ಕಲ್ಲುಚಪ್ಪಡಿಯ ಮೇಲೆ ಕೂತ. ಹನ್ನೆರಡೂವರೆ. ಒಂದು. ಈರೇಶ ಕೊಟ್ಟ ಚಹಾ ಕೈಯಲ್ಲೇ ಆರಿತು. ಕಾಗದ ಬದಲಾಯಿತು, ಸರಿ. ಆದರೆ ಮೊದಲನೆಯದನ್ನು ಓದಿದ ಕಣ್ಣು ಬದಲಾಗುತ್ತದೆಯೇ? ವಠಾರಕ್ಕೆ ಹೋಗಿ ಬೃಂದಾಳ ಮುಖವನ್ನು ಹೇಗೆ ನೋಡುವುದು? ಚಹಾವನ್ನು ಮೋರಿಗೆ ಚೆಲ್ಲಿದ.

ಒಂದೂಕಾಲಿಗೆ ಯಶೋದಮ್ಮ ಹೊರಗೆ ಬಂದಳು. ಮುಖದಲ್ಲಿ ಏನೂ ತಿಳಿಯಲಿಲ್ಲ. ಬಂದವಳು ಅವನ ಪಕ್ಕದಲ್ಲೇ ಕುಕ್ಕರಿಸಿ ಸೆರಗಿನಿಂದ ಕೊರಳು ಒರೆಸಿಕೊಂಡಳು.

“ಇದೆ,” ಎಂದಳು. “ಕೆಲಸ ಇದೆ.”

“ಹೆಂಗೆ?”

“ಅವತ್ತು ಅಲ್ಲಿದ್ದ ಕೆಲಸದೋರನ್ನ ಕೇಳಿ ಅಂತ ಬರ್ದಿದ್ಯಂತಲ್ಲ. ಸೂಪರ್‌ವೈಸರ್ ಏನಂದ ಗೊತ್ತಾ? ‘ಈಗಿರೋ ಕೆಲಸದೋರು ಯಾರೂ ಏನೂ ನೋಡಿಲ್ಲ ಮೇಡಂ’ ಅಂದ. ಮೇಡಂ ಬಿಡ್ಲಿಲ್ಲ. ‘ಈಗಿರೋರಲ್ಲ, ಅವತ್ತಿದ್ದೋರು ಅಂತ ಇದೆ ಇಲ್ಲಿ’ ಅಂದ್ರು. ಅವತ್ತು ನನ್ ಜೊತೆ ಆಂಜನಮ್ಮ ಇದ್ಲು. ಹೋದ್ ವಾರ ಅವಳನ್ನ ಮಾರತ್ತಹಳ್ಳಿ ಬಿಲ್ಡಿಂಗಿಗೆ ಹಾಕಿದ್ರು. ಫೋನ್ ಮಾಡಿ ಕೇಳಿದ್ರು. ‘ಬೋರ್ಡು ಎತ್ಕೊಂಡೋಗಿದ್ದು ಸೂಪರ್‌ವೈಸರ್ರೇ, ನನ್ ಕಣ್ಣಾರೆ ನೋಡಿದೀನಿ’ ಅಂದ್ಬಿಟ್ಲು.”

ವರ್ಕರ್ಸ್ ಪ್ರೆಸೆಂಟ್ ಎಂದರೆ ಅವತ್ತು ಅಲ್ಲಿದ್ದವರು. ಪ್ರೆಸೆಂಟ್ ವರ್ಕರ್ಸ್ ಎಂದು ತಿರುಗಿಸಿದ್ದರೆ ಈಗ ಕೆಲಸದಲ್ಲಿರುವವರು. ಆಂಜನಮ್ಮ ಅದರಾಚೆ ಬೀಳುತ್ತಿದ್ದಳು. ಬೆಳಿಗ್ಗೆ ಅವನು ಅದನ್ನು ತಿಳಿದು ಬಿಟ್ಟದ್ದಲ್ಲ, ಹೆದರಿ ಬಿಟ್ಟದ್ದು. ಒಂದು ಹೆಂಗಸಿನ ಬದುಕು ಅವನ ವಿದ್ಯೆಯಿಂದ ಮುಳುಗಿ, ಅವನ ಪುಕ್ಕಲಿನಿಂದ ತೇಲಿತ್ತು.

“ನಂಗೂ ಒಂದು ಎಚ್ಚರಿಕೆ ಪತ್ರ ಕೊಡ್ತಾರಂತೆ,” ಯಶೋದಮ್ಮ ಎದ್ದಳು. “ಇಂಗ್ಲಿಷಲ್ಲಿ. ಅದನ್ನ ನಿನ್ ಹತ್ರ ಮಾತ್ರ ಓದ್ಸಲ್ಲ ಕಣಣ್ಣ.” ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. “ಬಿಸಿಲಲ್ಲಿ ಕೂತ್ಕೋಬೇಡ. ಹೋಗಿ ಉಣ್ಣು.”

ಆದಿಲ್ ಆಟೋ ತಿರುಗಿಸಿದ. ಯಶೋದಮ್ಮನ ಕುರಿತ ಭಯ ಇಳಿದ ಜಾಗದಲ್ಲಿ ಇನ್ನೊಂದು ಭಯ ಬಂದು ಕೂತಿತ್ತು, ಇದಕ್ಕೆ ಹನ್ನೆರಡು ಗಂಟೆಯ ಗಡುವಿಲ್ಲ. ಮೂವತ್ತೆಂಟು ವರ್ಷ. ದಿನಕ್ಕೆ ನಾಲ್ಕೈದು ಕಾಗದ. ಎಷ್ಟು ಜನರಿಗೆ ಮರ್ಯಾದೆ ಕೊಡಲು ಹೋಗಿ ತಪ್ಪು ಹೊರಿಸಿ ಕಳಿಸಿದ್ದಾನೋ! ಹೆಸರು ನೆನಪಿರುವವರು ಕೆಲವರು, ಮುಖ ಮಾತ್ರ ನೆನಪಿರುವವರು ಹಲವರು, ಏನೂ ನೆನಪಿಲ್ಲದವರೇ ಹೆಚ್ಚು. ನೋಟಿಸು ಕಳಿಸಿದವರ ಅನ್ಯಾಯ ಅವರ ಮೇಲೇ ಇರಲಿ, ಅದನ್ನು ಹೊತ್ತು ತಂದುಕೊಟ್ಟ ಪಾಲು ತನ್ನದು.

ಹಲಸೂರು ಕೆರೆಯ ಹತ್ತಿರ ಬಂದಾಗ, “ಇಲ್ಲೇ ನಿಲ್ಸು,” ಎಂದ.

“ನನ್ ಜವಾಬು ಚಾಚಾ?”

“ಬರೀತೀನಿ. ಬರ್ದು, ವಕೀಲ್ರಿಗೆ ತೋರ್ಸೇ ಕಳ್ಸೋಣ.”

ಬೇಲಿಯ ಪಕ್ಕ ಬೇಯಿಸಿದ ಕಡಲೆಕಾಯಿಯ ತಳ್ಳುಗಾಡಿ. ಗಾಡಿಯ ಹಿಂದೆ ಮುನಿರಾಜಪ್ಪ, ತಲೆಗೆ ಟವೆಲು ಸುತ್ತಿಕೊಂಡು. ವಾಚ್‌ಮನ್ ಕೆಲಸ ಹೋದ ಮೇಲೆ ಒಂಬತ್ತು ವರ್ಷದಿಂದ ಇಲ್ಲೇ. ಮುನಿಶಾಮಿ ಈ ದಾರಿಯಲ್ಲಿ ಬಂದಾಗೆಲ್ಲ ಮುನಿರಾಜಪ್ಪ ಒಂದು ಪೊಟ್ಟಣ ಕೈಗಿಡುತ್ತಾನೆ, ಕಾಸು ಕೊಟ್ಟರೆ ಮುಟ್ಟುವುದಿಲ್ಲ. ನಂಗೋಸ್ಕರ ನಾಲ್ಕಕ್ಷರ ಬರ್ದೋನು ನೀನೊಬ್ನೇ ಅಣ್ಣ ಎನ್ನುತ್ತಾನೆ.

“ಬಾ ಶಾಮಣ್ಣ, ಏನ್ ಇಷ್ಟೊತ್ನಲ್ಲಿ?” ಎಂದು ಮುನಿರಾಜಪ್ಪ ಪೇಪರು ಸುತ್ತಿ ಬಿಸಿ ಕಾಯಿ ತುಂಬಿ ಚಾಚಿದ.

ಮುನಿಶಾಮಿ ಕೈ ಮುಂದೆ ಮಾಡಲಿಲ್ಲ.

“ಮೊದ್ಲು ನಾನ್ ಹೇಳೋದು ಕೇಳು,” ಎಂದ. “ಆಮೇಲೂ ಕೊಡ್ಬೇಕು ಅನ್ಸಿದ್ರೆ, ಕೊಡು.”